1976ರಲ್ಲಿ ಆ ಮೂರು ದಿನ: ನಮ್ಮ ಸ್ಟೇಡಿಯಂನಲ್ಲಿ ನಡೆದ, ನಮಗ್ಯಾರೂ ಹೇಳದ ಟೆಸ್ಟ್

ಇವತ್ತಿನ ಕಂತು ಶುರುವಾಗಿದ್ದು ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ.

ನಾನು ಬಾಡಿಗೆಗಿರೋದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನಕ್ಕೆ ಹತ್ತಿರದ ಒಂದು ಗಲ್ಲಿಯಲ್ಲಿ. ಕೆಳಗಡೆ ಓನರ್ ತಾತ, ಅಜ್ಜಿ ಇಬ್ರೇ. ತಾತ ಕೆ.ಆರ್. ಪುರದ ಹತ್ತಿರ ದೂರವಾಣಿನಗರದ ಐಟಿಐ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. 2025ರ ನವೆಂಬರ್ 2, ಭಾನುವಾರ, ಮಹಿಳಾ ವಿಶ್ವಕಪ್ ಫೈನಲ್ಲು. ನನ್ನ ಇಂಟರ್ನೆಟ್ ಕೈಕೊಟ್ಟಿತ್ತು ಅಂತ ಅವರ ಮನೇಲಿ ಕೂತು ನೋಡಿದೆ. ಮಳೆಯಿಂದ ಮ್ಯಾಚ್ ತಡವಾಗಿ ಶುರುವಾಗಿ, ಮಧ್ಯರಾತ್ರಿ ಹೊತ್ತಿಗೆ ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೋಡಿ ಕೊನೇ ಕ್ಯಾಚ್ ಹಿಡಿದ್ರು. ದಕ್ಷಿಣ ಆಫ್ರಿಕಾ ಎದುರು 52 ರನ್ ಗೆಲುವು. ಭಾರತಕ್ಕೆ ಮೊದಲ ಮಹಿಳಾ ವಿಶ್ವಕಪ್.

ತಾತ ಸ್ವಲ್ಪ ಹೊತ್ತು ಸುಮ್ನಿದ್ದು, ‘ಇದು ನಮ್ಮೂರಲ್ಲೇ ಆಗ್ಬೇಕಿತ್ತು ಕಣಮ್ಮಾ’ ಅಂದ್ರು.

ನಿಜ. ಐಸಿಸಿ ಮೊದಲು ಪ್ರಕಟಿಸಿದ್ದ ವೇಳಾಪಟ್ಟಿಯಲ್ಲಿ ಉದ್ಘಾಟನಾ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿತ್ತು. ಒಂದು ಸೆಮಿಫೈನಲ್ ಇತ್ತು. ಪಾಕಿಸ್ತಾನ ಫೈನಲ್‌ಗೆ ಬರದಿದ್ರೆ ಫೈನಲ್ ಕೂಡ ಇಲ್ಲೇ. ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತು. ಜೂನ್ 3ಕ್ಕೆ ಆರ್‌ಸಿಬಿ ಗಂಡಸರ ತಂಡ ಐಪಿಎಲ್ ಗೆದ್ದಿತು, ಜೂನ್ 4ಕ್ಕೆ ಸ್ಟೇಡಿಯಂ ಗೇಟುಗಳ ಹತ್ತಿರ ಕಾಲ್ತುಳಿತ, 11 ಜನ ಸತ್ತರು. ನ್ಯಾಯಮೂರ್ತಿ ಮೈಕೆಲ್ ಡಿ’ಕುನ್ಹಾ ಆಯೋಗ ಈ ಸ್ಟೇಡಿಯಂ ದೊಡ್ಡ ಜನಸಂದಣಿಯ ಕಾರ್ಯಕ್ರಮಗಳಿಗೆ ಸೂಕ್ತವಲ್ಲ ಅಂತ ವರದಿ ಕೊಟ್ಟಿತು. ಆಗಸ್ಟ್‌ನಲ್ಲಿ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು, ಉದ್ಘಾಟನಾ ಪಂದ್ಯ ಗುವಾಹಟಿಗೆ. 11 ಜೀವ ಹೋದ ಮೇಲೆ ಮ್ಯಾಚ್ ಹೋಯ್ತು ಅಂತ ಅಳೋದು ಸಣ್ಣತನ ಅನ್ನಿಸುತ್ತೆ, ಅದಕ್ಕೇ ಆ ದಿನಗಳಲ್ಲಿ ನಾನೂ ಅದನ್ನ ಮಾತಾಡ್ಲಿಲ್ಲ. ಆದ್ರೆ ಗಂಡಸರ ಕಪ್ಪಿನ ಸಂಭ್ರಮದಲ್ಲಿ ಆದ ಅನಾಹುತಕ್ಕೆ ಊರು ಕಳಕೊಂಡಿದ್ದು ಹೆಣ್ಮಕ್ಕಳ ವಿಶ್ವಕಪ್ಪನ್ನ. ಅದೂ ಒಂದು ಲೆಕ್ಕ.

ಆ ರಾತ್ರಿಗೆ ವಾಪಸ್ ಬರ್ತೀನಿ. ತಾತ ಹಳೇ ಕಥೆ ಶುರು ಮಾಡಿದ್ರು. 1974ರ ನವೆಂಬರ್, ಆ ಸ್ಟೇಡಿಯಂನ ಮೊದಲ ಟೆಸ್ಟ್. ಆಗಿನ್ನೂ ಕೆಎಸ್‌ಸಿಎ ಸ್ಟೇಡಿಯಂ ಅಂತ ಕರೀತಿದ್ರು. ವೆಸ್ಟ್ ಇಂಡೀಸ್ ಬಂದಿತ್ತು. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಗ್ರೀನಿಜ್ 93 ಮತ್ತು 107. ರಿಚರ್ಡ್ಸ್ 4 ಮತ್ತು 3, ಎರಡೂ ಸಲ ಚಂದ್ರಶೇಖರ್‌ಗೆ. ಕ್ಲೈವ್ ಲಾಯ್ಡ್ 163. ತಾತನಿಗೆ ಇದೆಲ್ಲಾ ಬಾಯಿಪಾಠ. ಬರೀ ತಾತನಿಗಲ್ಲ, ಬೆಂಗಳೂರಲ್ಲಿ ಕ್ರಿಕೆಟ್ ಇಷ್ಟಪಡೋ ಯಾರನ್ನ ಕೇಳಿದ್ರೂ ಹೇಳ್ತಾರೆ. ಹುಟ್ಟೋಕೆ ಇಪ್ಪತ್ತು ವರ್ಷ ಮುಂಚೆ ಆಗಿದ್ದು ನನಗೂ ಗೊತ್ತಿತ್ತು.

ನಾನು ಕೇಳಿದೆ: ‘ತಾತ, ಅದಾದ ಎರಡು ವರ್ಷಕ್ಕೆ, 1976ರಲ್ಲಿ, ಅದೇ ಸ್ಟೇಡಿಯಂ, ಅದೇ ವೆಸ್ಟ್ ಇಂಡೀಸ್. ಆ ಟೆಸ್ಟ್ ನೆನಪಿದ್ಯಾ?’

‘76ರಲ್ಲಿ ವೆಸ್ಟ್ ಇಂಡೀಸ್ ಎಲ್ಲಿ ಬಂದಿತ್ತಮ್ಮ? ನಾವೇ ಅಲ್ಲಿಗೆ ಹೋಗಿದ್ವಿ.’

ತಾತ ಹೇಳಿದ್ದು ಸರಿ, ಗಂಡಸರ ತಂಡದ ಮಟ್ಟಿಗೆ. ಬಂದಿದ್ದು ಹೆಂಗಸರ ತಂಡ. 1976ರ ಅಕ್ಟೋಬರ್ 31, ಅದೂ ಭಾನುವಾರವೇ. ಭಾರತದ ಮಹಿಳೆಯರು ಆಡಿದ ಮೊಟ್ಟಮೊದಲ ಅಧಿಕೃತ ಟೆಸ್ಟ್ ಆವತ್ತು ಶುರುವಾಗಿದ್ದು ಲಾರ್ಡ್ಸ್‌ನಲ್ಲಲ್ಲ, ಈಡನ್ ಗಾರ್ಡನ್ಸ್‌ನಲ್ಲೂ ಅಲ್ಲ, ನಮ್ಮ ಎಂ.ಜಿ. ರಸ್ತೆ ತುದಿಯಲ್ಲಿ. ನಾಯಕಿ ನಮ್ಮೂರಿನ ಶಾಂತಾ ರಂಗಸ್ವಾಮಿ. ಎದುರಾಳಿ ನಾಯಕಿ ಲೂಯಿಸ್ ಬ್ರೌನ್. ಆಗ ಮಹಿಳಾ ಟೆಸ್ಟ್ ಅಂದ್ರೆ ಮೂರು ದಿನ. ನವೆಂಬರ್ 2ಕ್ಕೆ ಪಂದ್ಯ ಡ್ರಾ ಆಯ್ತು.

ನವೆಂಬರ್ 2. ಸರಿಯಾಗಿ ನಲವತ್ತೊಂಬತ್ತು ವರ್ಷ ಆದ್ಮೇಲೆ ಅದೇ ತಾರೀಕಿಗೆ, ಅದೇ ಮೈದಾನದಲ್ಲಿ, ವಿಶ್ವಕಪ್ ಫೈನಲ್ ನಡೀಬಹುದಿತ್ತು. ವೇಳಾಪಟ್ಟಿ ಮಾಡಿದವರು ಇದನ್ನ ನೋಡಿಯೇ ತಾರೀಕು ಇಟ್ಟಿದ್ರಾ? ನನಗೆ ಹಾಗನ್ನಿಸಲ್ಲ.

ತಾತ ಏನೂ ಮಾತಾಡ್ಲಿಲ್ಲ. ಆದ್ರೆ ಅಜ್ಜಿ, ಅಲ್ಲಿವರೆಗೂ ಅರ್ಧ ನಿದ್ದೇಲಿದ್ದವರು, ಎದ್ದು ಕೂತ್ರು. ‘ಹೆಂಗಸ್ರ ಮ್ಯಾಚಾ? ಯಾವಾಗ ಅಂದೆ?’ ನಾನು ಮತ್ತೆ ಹೇಳಿದೆ. ‘ಆವಾಗ ನಂಗೆ ಇಪ್ಪತ್ತೆರಡು. ನಮ್ಮನೆ ಶಿವಾಜಿನಗರದಲ್ಲಿ. ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದೆ. ಸ್ಕೂಲಲ್ಲಿ ಥ್ರೋಬಾಲ್ ಆಡ್ದೋಳು ನಾನು. ಅಲ್ಲಿಂದ ಸ್ಟೇಡಿಯಂಗೆ ನಡ್ಕೊಂಡು ಹೋದ್ರೆ ಅರ್ಧ ಗಂಟೆ ಇಲ್ಲ. ಯಾರಾದ್ರೂ ಒಬ್ರು ಹೇಳಿದ್ರೆ ಹೋಗ್ತಿದ್ನಲ್ಲೇ.’

ಆ ಕೊನೇ ವಾಕ್ಯ ನನ್ನ ತಲೇಲಿ ಕೂತ್ಬಿಟ್ಟಿದೆ. ಈ ಕಂತು ಮಾಡ್ತಿರೋದೇ ಅದಕ್ಕೆ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೋಡೋಣ. 1976ರಲ್ಲಿ ಬೆಂಗಳೂರಿಗೆ ಟೀವಿಯೇ ಬಂದಿರಲಿಲ್ಲ. ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಹಾಗಾಗಿ ಸುದ್ದಿ ಅಂದ್ರೆ ರೇಡಿಯೋ, ಇಲ್ಲಾಂದ್ರೆ ಪೇಪರ್. ಪೇಪರ್ ಊರೇನೂ ದೂರ ಇರಲಿಲ್ಲ. 1948ರಲ್ಲಿ ಶುರುವಾದ ಡೆಕ್ಕನ್ ಹೆರಾಲ್ಡ್, ಪ್ರಜಾವಾಣಿ ಕಚೇರಿ ಅದೇ ಎಂ.ಜಿ. ರಸ್ತೆಯಲ್ಲಿದೆ. ಸ್ಟೇಡಿಯಂನಿಂದ ನಡೆಯೋ ದೂರ. ಪತ್ರಕರ್ತರಿಗೆ ಬಸ್ ಚಾರ್ಜೂ ಬೇಕಿರಲಿಲ್ಲ.

ಇನ್ನೊಂದು ವಿಷಯ. ಅದು ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ನವೆಂಬರ್ 2ರಂದೇ ಲೋಕಸಭೆ ಸಂವಿಧಾನದ 42ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಅದೇ ದಿನ ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ, ಜಿಮ್ಮಿ ಕಾರ್ಟರ್ ಗೆದ್ದರು. ಮುಖಪುಟದಲ್ಲಿ ಜಾಗ ಎಲ್ಲಿಂದ ಬರಬೇಕು, ಒಪ್ಪೋಣ. ಆದ್ರೆ ಕ್ರೀಡಾಪುಟದಲ್ಲಿ ಸಂವಿಧಾನ ತಿದ್ದುಪಡಿ ಬರಲ್ವಲ್ಲ.

ನಾನಿಲ್ಲಿ ಸ್ವಲ್ಪ ಹುಷಾರಾಗಿ ಮಾತಾಡ್ತೀನಿ. ಆ ಮ್ಯಾಚಿನ ವರದಿ ಬರಲೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸ್ಕೋರು ಉಳಿದಿದೆ, ಹೆಸರುಗಳು ಉಳಿದಿವೆ, ಅಂದ್ರೆ ಯಾರೋ ಕೂತು ಬರೆದಿದ್ದಾರೆ. ನನ್ನ ತಕರಾರು ಬೇರೆ. ಒಂದು ಆಟ ಜನರ ನೆನಪಿಗೆ ಹೋಗೋದು ಮರುದಿನದ ಒಂದು ವರದಿಯಿಂದಲ್ಲ. ಮ್ಯಾಚಿಗೆ ಮುಂಚೆ ‘ಭಾನುವಾರದಿಂದ ಟೆಸ್ಟ್, ಬನ್ನಿ’ ಅಂತ ಬರಬೇಕು. ಆಟಗಾರರ ಮನೆ, ಊರು, ಅವರಪ್ಪ ಏನ್ ಮಾಡ್ತಾರೆ ಅಂತ ಬರಬೇಕು. ಹತ್ತು ವರ್ಷ ಆದ್ಮೇಲೆ, ಇಪ್ಪತ್ತು ವರ್ಷ ಆದ್ಮೇಲೆ ಯಾರಾದ್ರೂ ಮತ್ತೆ ಬರೀಬೇಕು. ಸ್ಕೂಲ್ ಕ್ವಿಜ್‌ನಲ್ಲಿ ಕೇಳಬೇಕು. 1974ರ ಟೆಸ್ಟ್ ನಮ್ಮ ತಾತನ ತಲೇಲಿರೋದು ಅವರು ಮ್ಯಾಚ್ ನೋಡಿದ್ರು ಅಂತಲ್ಲ. ಅವರು ನೋಡಿಯೇ ಇಲ್ಲ, ಆಮೇಲೆ ಕೇಳಿದೆ, ಟಿಕೆಟ್ ಸಿಕ್ಕಿರಲಿಲ್ಲವಂತೆ! ಐವತ್ತು ವರ್ಷದಿಂದ ಓದಿ, ಕೇಳಿ, ಅದು ಅವರ ಸ್ವಂತ ನೆನಪೇ ಆಗಿಬಿಟ್ಟಿದೆ.

‘ರಿಚರ್ಡ್ಸ್, ಗ್ರೀನಿಜ್ ಮುಂದೆ ದೊಡ್ಡ ಆಟಗಾರರಾದ್ರು, ಅದಕ್ಕೇ ನೆನಪಿದೆ’ ಅನ್ನಬಹುದು. ನನ್ನ ಫ್ರೆಂಡ್ ಒಬ್ಬ ಹಾಗೇ ಅಂದ. ಸರಿ, ಈ ಕಡೆ ನೋಡೋಣ. ಬೆಂಗಳೂರು ಟೆಸ್ಟ್ ಆಗಿ ಮೂರು ವಾರದೊಳಗೆ, ಅದೇ ಸರಣಿಯಲ್ಲಿ, ಶಾಂತಾ ಅವರ ತಂಡ ಪಾಟ್ನಾದಲ್ಲಿ ಐದು ವಿಕೆಟ್‌ಗಳಿಂದ ಗೆದ್ದಿತು. ಭಾರತದ ಮಹಿಳೆಯರಿಗೆ ಮೊದಲ ಟೆಸ್ಟ್ ಗೆಲುವು. 1977ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಶಾಂತಾ 108 ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ. ಮೊದಲ ಟೆಸ್ಟ್, ಮೊದಲ ಗೆಲುವು, ಮೊದಲ ಶತಕ, ಎಲ್ಲಾ ಮೂರು ತಿಂಗಳೊಳಗೆ. ಇದಕ್ಕಿಂತ ದೊಡ್ಡ ಕಥೆ ಇನ್ನೇನು ಬೇಕು?

ಒಂದು ತಮಾಷೆ ಹೇಳ್ತೀನಿ. ಪಾಟ್ನಾದಲ್ಲಿ ಆ ಗೆಲುವು ಬಂದ ವಾರವೇ ಕಾನ್ಪುರದಲ್ಲಿ ಗಂಡಸರ ತಂಡ ನ್ಯೂಜಿಲೆಂಡ್ ಎದುರು ಟೆಸ್ಟ್ ಆಡ್ತಿತ್ತು. ಭಾರತ 9 ವಿಕೆಟ್‌ಗೆ 524. ಹನ್ನೊಂದು ಜನರೂ ಎರಡಂಕಿ ಮುಟ್ಟಿದ್ರು, ಒಬ್ಬರೂ ಸೆಂಚುರಿ ಹೊಡೀಲಿಲ್ಲ. ಸೆಂಚುರಿ ಇಲ್ಲದ ಅಷ್ಟು ದೊಡ್ಡ ಮೊತ್ತ ಅಂತ ಅದು ಕ್ವಿಜ್ ಪ್ರಶ್ನೆಯಾಗಿ ಉಳೀತು. ಆ ಟೆಸ್ಟ್ ಡ್ರಾ. ಏನೂ ಆಗದ ಪಂದ್ಯದ ಒಂದು ವಿಚಿತ್ರ ಅಂಕಿ ನಮಗೆ ಗೊತ್ತು, ಅದೇ ವಾರ ಒಂದು ದೇಶದ ಹೆಣ್ಮಕ್ಕಳು ಮೊದಲ ಸಲ ಗೆದ್ದಿದ್ದು ಗೊತ್ತಿಲ್ಲ.

ಕ್ರಿಕೆಟ್‌ಗಿಂತ ಹಿಂದಕ್ಕೆ ಹೋದ್ರೆ ಹಾಕಿ. ಈ ಭಾಗದಲ್ಲಿ, ದಂಡು ಅಂತೀವಲ್ಲ ಈ ಕಂಟೋನ್ಮೆಂಟ್‌ನಲ್ಲಿ, ಮಿಲಿಟರಿಯವರು, ಆಂಗ್ಲೋ ಇಂಡಿಯನ್ನರು, ಮಿಷನ್ ಸ್ಕೂಲುಗಳು, ಎಲ್ಲಾ ಸೇರಿ ಹಾಕಿ ಮೊದಲಿನಿಂದ ಇತ್ತು. ಹೆಣ್ಮಕ್ಕಳೂ ಆಡ್ತಿದ್ರು. ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ, ಅವರ ತಂಗಿಯರಾದ ರೀಟಾ ಮತ್ತು ಮೇ, ಮೂರೂ ಜನ ಆಟಗಾರ್ತಿಯರು. ಎಲ್ವೆರಾ ನಾಯಕತ್ವದಲ್ಲಿ ಆಗಿನ ಮೈಸೂರು ರಾಜ್ಯದ ತಂಡ 1960ರಿಂದ 1967ರ ನಡುವೆ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಏಳು! 1965ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ. ಮಹಿಳಾ ಹಾಕಿಯಲ್ಲಿ ಆನ್ ಲಮ್ಸ್‌ಡೆನ್ ಬಿಟ್ಟರೆ ಇವರೇ ಎರಡನೆಯವರು. ಆದ್ರೆ ಒಲಿಂಪಿಕ್ಸ್‌ನಲ್ಲಿ ಆಡೋಕೆ ಆಗಲಿಲ್ಲ, ಯಾಕಂದ್ರೆ ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿ ಅನ್ನೋದೇ ಇರಲಿಲ್ಲ. ಗಂಡಸರ ಹಾಕಿ 1908ರಲ್ಲೇ ಸೇರಿತ್ತು, ಹೆಂಗಸರದ್ದು ಸೇರಿದ್ದು 1980ರಲ್ಲಿ, ಮಾಸ್ಕೋದಲ್ಲಿ.

ಎಲ್ವೆರಾ ಬ್ರಿಟ್ಟೊ 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು, 81 ವರ್ಷ. ಅವರ ಹೆಸರನ್ನ ನಾನು ಮೊದಲ ಸಲ ಓದಿದ್ದು ಆ ನಿಧನವಾರ್ತೆಯಲ್ಲಿ. ಈ ಊರಲ್ಲೇ ಇದ್ದವರು, ಬೇಕಾದ್ರೆ ಹೋಗಿ ಮಾತಾಡಿಸಿ ಬರಬಹುದಿತ್ತು. ಗೌತಮಪುರದಲ್ಲಿ, ನಮ್ಮನೆಯಿಂದ ಸ್ವಲ್ಪ ದೂರ, ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ಇದೆ, ನಿಮಗೆ ಗೊತ್ತಿರಬಹುದು. ನನಗೆ ಆ ಪ್ರತಿಮೆ ಬಹಳ ಇಷ್ಟ. ಬ್ರೆಜಿಲ್‌ನ ಆಟಗಾರನನ್ನ ತಮ್ಮವನು ಅಂದ್ಕೊಳ್ಳೋ ಅಷ್ಟು ದೊಡ್ಡ ಮನಸ್ಸು ಈ ಗಲ್ಲಿಗಳದ್ದು. ಪೆಲೆಯನ್ನ ಇಲ್ಲಿಗೆ ತಂದಿದ್ದು ರೇಡಿಯೋ, ಪೇಪರ್, ಆಮೇಲೆ ಟೀವಿ. ಅದೇ ರೇಡಿಯೋ, ಪೇಪರ್ ಪಕ್ಕದ ಬೀದಿಯವರನ್ನ ತರಲಿಲ್ಲ.

ನಾನು ಬಿ.ಕಾಂ. ಓದಿದವಳು, ಹಾಗಾಗಿ ದುಡ್ಡಿನ ಮಾತು ಬಿಟ್ಟು ಹೋಗೋಕಾಗಲ್ಲ. ‘ಜನ ನೋಡಲ್ಲ, ಅದಕ್ಕೆ ತೋರಿಸಲ್ಲ’ ಅನ್ನೋದು ಹಳೇ ವಾದ. ಬೇಡಿಕೆ ಇಲ್ಲದ ಕಡೆ ಪೂರೈಕೆ ಇರಲ್ಲ, ಫಸ್ಟ್ ಇಯರ್ ಎಕನಾಮಿಕ್ಸ್. ಆದ್ರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ಅಂಗಡೀಲಿ ಇಡದ ಸಾಮಾನಿಗೆ ಬೇಡಿಕೆ ಎಷ್ಟು ಅಂತ ಅಳೆಯೋದು ಹೇಗೆ? ಶಿವಾಜಿನಗರದ ಇಪ್ಪತ್ತೆರಡು ವರ್ಷದ ಹುಡುಗಿ ಸ್ಟೇಡಿಯಂಗೆ ಹೋಗ್ಲಿಲ್ಲ. ಲೆಕ್ಕದಲ್ಲಿ ಅವಳು ‘ಆಸಕ್ತಿ ಇಲ್ಲದವಳು’. ಅವಳಿಗೆ ಗೊತ್ತೇ ಇರಲಿಲ್ಲ ಅನ್ನೋದಕ್ಕೆ ಲೆಜರ್‌ನಲ್ಲಿ ಕಾಲಮ್ಮೇ ಇಲ್ಲ.

ಇದು ಬರೀ ನಮ್ಮ ಸಮಸ್ಯೆ ಅಲ್ಲ. ಅಮೆರಿಕದಲ್ಲಿ ಕೆಲವು ಸಂಶೋಧಕರು 1989ರಿಂದ ಟೀವಿ ಕ್ರೀಡಾ ಸುದ್ದಿಯನ್ನ ಕೂತು ಅಳೀತಾ ಬಂದಿದ್ದಾರೆ. 1989ರಲ್ಲಿ ಹೆಣ್ಮಕ್ಕಳ ಆಟಕ್ಕೆ ಸಿಕ್ಕಿದ್ದು ಸುಮಾರು ಶೇ 5ರಷ್ಟು ಸಮಯ. 2019ರಲ್ಲಿ ಶೇ 5.4. ಮೂವತ್ತು ವರ್ಷದಲ್ಲಿ ಅರ್ಧ ಪರ್ಸೆಂಟೂ ಏರಿಲ್ಲ. ಬ್ಯಾಂಕ್ ಬಡ್ಡಿ ಹಾಗಿದ್ದಿದ್ರೆ ನಮ್ಮ ತಾತ ಮ್ಯಾನೇಜರ್ ಕ್ಯಾಬಿನ್ ಮುಂದೆ ಧರಣಿ ಕೂತಿರ್ತಿದ್ರು.

ಪ್ರಚಾರ ಇಲ್ಲದಿದ್ರೆ ಪ್ರಾಯೋಜಕರಿಲ್ಲ, ಪ್ರಾಯೋಜಕರಿಲ್ಲದಿದ್ರೆ ದುಡ್ಡಿಲ್ಲ. ಶಾಂತಾ ಅವರ ಕಾಲದಲ್ಲಿ ಮಹಿಳಾ ಕ್ರಿಕೆಟ್ ನಡೆಸ್ತಿದ್ದಿದ್ದು 1973ರಲ್ಲಿ ಶುರುವಾದ ಬೇರೆಯದೇ ಒಂದು ಸಂಘ. ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಕಿಟ್ ಹೊತ್ಕೊಂಡು ಹೋಗಿ, ಡಾರ್ಮಿಟರಿ ನೆಲದ ಮೇಲೆ ಮಲಗಿ ಆಡಿದ್ದನ್ನ ಆ ತಲೆಮಾರಿನವರು ಎಷ್ಟೋ ಸಲ ಹೇಳಿದ್ದಾರೆ. ಶಾಂತಾ ಅವರ ಹೊಟ್ಟೆಪಾಡು ನಡೆದಿದ್ದು ಕೆನರಾ ಬ್ಯಾಂಕ್ ಕೆಲಸದಲ್ಲಿ. ಬಿಸಿಸಿಐ ಮಹಿಳಾ ಕ್ರಿಕೆಟ್ ವಹಿಸಿಕೊಂಡಿದ್ದು 2006ರಲ್ಲಿ, ವಾರ್ಷಿಕ ಒಪ್ಪಂದ ಕೊಟ್ಟಿದ್ದು 2015ರಲ್ಲಿ. 2005ರ ವಿಶ್ವಕಪ್‌ನಲ್ಲಿ ರನ್ನರ್ ಅಪ್ ಆದಾಗ ಒಂದು ಪಂದ್ಯಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತು ಅಂತ ಮಿಥಾಲಿ ರಾಜ್ ಹೇಳಿದ್ದಾರೆ.

ಈಗ ಬದಲಾಗಿದೆ, ಇಲ್ಲ ಅನ್ನಲ್ಲ. 2022ರಲ್ಲಿ ಪಂದ್ಯದ ಸಂಭಾವನೆ ಇಬ್ಬರಿಗೂ ಒಂದೇ ಆಯ್ತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ಡಬ್ಲ್ಯುಪಿಎಲ್ ಪ್ರಸಾರ ಹಕ್ಕು ಐದು ವರ್ಷಕ್ಕೆ 951 ಕೋಟಿಗೆ ಹೋಯ್ತು. ಪಕ್ಕದಲ್ಲಿ ಐಪಿಎಲ್‌ನದ್ದು ಅದೇ ಅವಧಿಗೆ 48,390 ಕೋಟಿ, ಅದನ್ನೂ ಇಟ್ಟು ನೋಡಿ. ಆದ್ರೂ 951 ಸಣ್ಣದಲ್ಲ. ಯಾರೂ ನೋಡಲ್ಲ ಅಂದಿದ್ದ ಆಟಕ್ಕೆ ಅಷ್ಟು ದುಡ್ಡು ಸುಮ್ನೆ ಯಾರೂ ಹಾಕಲ್ಲ.

ಎಷ್ಟು ತೋರಿಸ್ತಾರೆ ಅನ್ನೋದು ಒಂದು, ಹೇಗೆ ತೋರಿಸ್ತಾರೆ ಅನ್ನೋದು ಇನ್ನೊಂದು. ಅಶ್ವಿನಿ ನಾಚಪ್ಪ ಓಡ್ತಿದ್ದ ಕಾಲದಲ್ಲಿ ಅವರನ್ನ ‘ಭಾರತದ ಫ್ಲೋ ಜೋ’ ಅಂತ ಕರೆದ್ರು. ಓಟದಷ್ಟೇ, ಕೆಲವು ಸಲ ಓಟಕ್ಕಿಂತ ಜಾಸ್ತಿ, ಅವರ ಡ್ರೆಸ್ ಬಗ್ಗೆ ಬರೆದ್ರು. 2017ರ ವಿಶ್ವಕಪ್‌ಗೆ ಮುಂಚೆ ಮಿಥಾಲಿ ರಾಜ್‌ಗೆ ಒಬ್ಬರು, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟರ್ ಯಾರು ಅಂತ ಕೇಳಿದ್ರು. ಗಂಡಸರನ್ನ ನೀವು ಹೀಗೆ ಕೇಳ್ತೀರಾ, ನಿಮ್ಮ ಮೆಚ್ಚಿನ ಮಹಿಳಾ ಕ್ರಿಕೆಟರ್ ಯಾರು ಅಂತ, ಅಂತ ಅವರು ತಿರುಗಿ ಕೇಳಿದ್ರು.

ನಮ್ಮ ಕನ್ನಡವೂ ಇದರಲ್ಲಿ ಏನೂ ಕಮ್ಮಿ ಇಲ್ಲ. ಗಂಡಸರು ಆಡಿದ್ರೆ ‘ಭಾರತ ತಂಡ’, ಹೆಂಗಸರು ಆಡಿದ್ರೆ ‘ಭಾರತದ ವನಿತೆಯರು’. ವನಿತೆ ಅನ್ನೋ ಪದವನ್ನ ಕ್ರೀಡಾಪುಟ ಮತ್ತು ಸೀರೆ ಅಂಗಡಿ ಜಾಹೀರಾತು ಬಿಟ್ಟು ಬೇರೆಲ್ಲಾದ್ರೂ ನೋಡಿದೀರಾ? ಇನ್ನೊಂದು ನನ್ನ ಅಚ್ಚುಮೆಚ್ಚಿನದು, ‘ಪಂದ್ಯ ಪುರುಷೋತ್ತಮ’. ಚೆನ್ನಾಗಿ ಆಡಿದ್ದು ಹೆಣ್ಣಾದ್ರೆ ಏನ್ ಮಾಡೋದು? ಈಗೀಗ ‘ಪಂದ್ಯಶ್ರೇಷ್ಠ’ ಅಂತ ಬರೀತಾರೆ, ಬಚಾವಾದ್ವಿ.

ಬೇರೆಯವರ ಬಗ್ಗೆ ಇಷ್ಟು ಮಾತಾಡಿ ನನ್ನದನ್ನ ಮುಚ್ಚಿಡೋದು ಸರಿಯಲ್ಲ. 2024ರ ಮಾರ್ಚ್ 17, ದೆಹಲಿ. ಸ್ಮೃತಿ ಮಂದಾನ ನಾಯಕತ್ವದಲ್ಲಿ ಆರ್‌ಸಿಬಿ ಡಬ್ಲ್ಯುಪಿಎಲ್ ಗೆದ್ದಿತು. ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್. ‘ಈ ಸಲ ಕಪ್ ನಮ್ದೇ’ ಅಂತ ಅಷ್ಟು ವರ್ಷ ಕೂಗಿದ್ವಲ್ಲ, ಆ ಕಪ್ಪನ್ನ ಮೊದಲು ತಂದಿದ್ದು ಅವರು, ಎರಡನೇ ಸೀಸನ್‌ನಲ್ಲೇ. ಎರಡು ದಿನ ಬಿಟ್ಟು ಚಿನ್ನಸ್ವಾಮಿಯಲ್ಲಿ ಗಂಡಸರ ತಂಡ ಸಾಲಾಗಿ ನಿಂತು ಅವರಿಗೆ ಗೌರವ ಕೊಟ್ಟಿತು, ಚೆನ್ನಾಗಿತ್ತು. ಆದ್ರೆ 2025ರ ಜೂನ್ 3ರ ರಾತ್ರಿ ನಾನು ಇದೇ ಮೈಕ್ ಮುಂದೆ ಕೂತು ಏನಂದೆ ಗೊತ್ತಾ? ‘ಹದಿನೆಂಟು ವರ್ಷದ ನಂತರ ಆರ್‌ಸಿಬಿಗೆ ಮೊದಲ ಕಪ್.’ ಆ ಕಂತು ಈಗಲೂ ಇದೆ, ತೆಗೆದಿಲ್ಲ. ಕೇಳಿದವರಲ್ಲಿ ಒಬ್ಬರೂ ತಿದ್ದಲಿಲ್ಲ. ನನ್ನ ಹಳೇ ಕಂತುಗಳ ಪಟ್ಟಿ ತೆಗೆದು ನೋಡಿದೆ: ಆಟದ ಬಗ್ಗೆ ಮಾಡಿದ್ದರಲ್ಲಿ ಹೆಣ್ಮಕ್ಕಳ ಬಗ್ಗೆ ಇವತ್ತಿನವರೆಗೂ ಒಂದೂ ಇರಲಿಲ್ಲ. ನನ್ನ ಮೇಲೆ ಸಂಪಾದಕರಿಲ್ಲ, ಜಾಹೀರಾತಿನವರ ಒತ್ತಡ ಇಲ್ಲ, ಜಾಗದ ಕೊರತೆ ಇಲ್ಲ. ಹೊಳೀಲಿಲ್ಲ, ಅಷ್ಟೆ. ಆ ಕಾಲದ ಕ್ರೀಡಾಪುಟದವರಿಗೂ ಬಹುಶಃ ಹೀಗೇ ಹೊಳೆದಿರಲಿಕ್ಕಿಲ್ಲ.

ಹೋದ ವಾರ ಅಜ್ಜಿ ಜೊತೆ ಮೆಟ್ರೋ ಹತ್ತಿ ಹೋಗಿದ್ದೆ. ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದ್ರೆ ಸ್ಟೇಡಿಯಂ ಎದುರಿಗೇ. ಗೇಟ್ ಹಾಕಿತ್ತು. ಕಾಂಪೌಂಡ್ ಉದ್ದಕ್ಕೂ ನಿಧಾನಕ್ಕೆ ನಡೆದ್ವಿ. ಅಜ್ಜಿ ಕ್ರಿಕೆಟ್ ಬಗ್ಗೆ ಏನೂ ಕೇಳಲಿಲ್ಲ. ಶಾಂತಾ ಅವರಿಗೆ ಆಗ ಎಷ್ಟು ವಯಸ್ಸು ಅಂತ ಮಾತ್ರ ಕೇಳಿದ್ರು. 1954ರಲ್ಲಿ ಹುಟ್ಟಿದವರು, ಇಪ್ಪತ್ತೆರಡು ಅಂದೆ. ‘ನನ್ನ ವಾರಿಗೆಯೋಳು’ ಅಂದ್ರು ಅಜ್ಜಿ.

2026ರ ಅಕ್ಟೋಬರ್ 31ಕ್ಕೆ ಆ ಟೆಸ್ಟ್ ಶುರುವಾಗಿ ಐವತ್ತು ವರ್ಷ. ಶನಿವಾರ ಬರುತ್ತೆ. ಅಜ್ಜಿ ಕ್ಯಾಲೆಂಡರ್ ಹೊಸದು ಬಂದಾಗ ಗುರುತು ಹಾಕೋಕೆ ಹೇಳಿದ್ದಾರೆ. ಆ ಮೂರು ದಿನ ಸ್ಟೇಡಿಯಂನಲ್ಲಿ ಕೂತು ನೋಡಿದವರು, ಆಡಿದವರು, ಸ್ಕೋರ್ ಬರೆದವರು, ಟೀ ಮಾರಿದವರು ಯಾರಾದ್ರೂ ನಿಮ್ಮನೇಲಿದ್ರೆ ನನಗೆ ಬರೀರಿ. ಅವರಿರೋ ಕಡೆಗೇ ಮೈಕ್ ತಗೊಂಡು ಬರ್ತೀನಿ.